ಚೀನಾದಲ್ಲಿ ನಮಗೆ ಯಾವ ಸೋದರಮಾವ ಇದ್ದಾನೆ ಸ್ವಾಮಿ?

2019ರ ಗೌರಿ ಹಬ್ಬಕ್ಕೆ ಇನ್ನೂ ಒಂದು ವಾರ ಇತ್ತು. ಚಾಂಪಿಯನ್ ರೀಫ್ಸ್‌ನಲ್ಲಿರುವ ನಮ್ಮಕ್ಕನ ಮನೆ ಬಾಗಿಲಿಗೆ ಪೋಸ್ಟ್‌ಮನ್ ಬಂದು ಬೂದು ಬಣ್ಣದ ಪ್ಲಾಸ್ಟಿಕ್ ಲಕೋಟೆಯೊಂದನ್ನು ಕೊಟ್ಟು ಹೋದ. ಅಕ್ಕನ ಮಗಳ ಹೆಸರಿಗೆ ಬಂದದ್ದು. ಒಳಗೆ ಒಂದು ಜೊತೆ ಓಲೆ, ಒಂದು ಕೈಚೀಲ. ನಾನು ಪ್ರೆಸ್ ನಡೆಸುವವನು. ಕೈಗೆ ಯಾವ ಕಾಗದ ಸಿಕ್ಕರೂ ಮೊದಲು ನೋಡುವುದು ಅದರ ಪ್ರಿಂಟಿಂಗು. ಲಕೋಟೆಯ ಮೇಲೆ ಚೀನೀ ಅಕ್ಷರ, ಪಕ್ಕದಲ್ಲಿ ಕಸ್ಟಮ್ಸ್‌ನವರ ಚೀಟಿ. ಚೀಟಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಚೌಕ. ಅದರಲ್ಲಿ ‘ಗಿಫ್ಟ್’ ಎಂಬ ಚೌಕಕ್ಕೆ ಗುರುತು ಹಾಕಿದ್ದರು.

‘ಯಾರಮ್ಮ ಗಿಫ್ಟು ಕಳಿಸಿದ್ದು?’ ಅಂದೆ.

‘ಅಯ್ಯೋ, ಗಿಫ್ಟೂ ಇಲ್ಲ ಏನೂ ಇಲ್ಲ ಮಾವ. ಫೋನಲ್ಲಿ ಆರ್ಡರ್ ಮಾಡಿದ್ದು. ದುಡ್ಡು ಕೊಟ್ಟಿದೀನಿ’ ಅಂದಳು.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಹಬ್ಬಕ್ಕೆ ಓಲೆ ಕೊಡಿಸಬೇಕಾದ ಸೋದರಮಾವ ನಾನು ಮೂರು ಬೀದಿ ಆಚೆ ಇದ್ದೀನಿ. ನನಗೆ ಗೊತ್ತಿಲ್ಲದೆ ಚೀನಾದಲ್ಲಿ ಇನ್ನೊಬ್ಬ ಸೋದರಮಾವ ಹುಟ್ಟಿಕೊಂಡನಾ? ಅವನು ಗಿಫ್ಟು ಬೇರೆ ಕಳಿಸುತ್ತಾನಾ?

ಗೆಳೆಯರೇ, ಆ ಒಂದು ಗುರುತಿನ ಬೆಲೆ ಎಷ್ಟು ಗೊತ್ತಾ? ಆಗ ನಮ್ಮ ದೇಶದಲ್ಲಿ ಒಂದು ನಿಯಮ ಇತ್ತು. ಹೊರದೇಶದಿಂದ ನೆಂಟರಿಷ್ಟರು ಕಳಿಸುವ 5,000 ರೂಪಾಯಿವರೆಗಿನ ಉಡುಗೊರೆಗೆ ಕಸ್ಟಮ್ಸ್ ಸುಂಕ ಇಲ್ಲ, ಐಜಿಎಸ್‌ಟಿ ಇಲ್ಲ. ದುಬೈನಲ್ಲಿ ದುಡಿಯುವ ಮಗ ಅವ್ವನಿಗೆ ಒಂದು ಸ್ವೆಟರ್ ಕಳಿಸಿದರೆ ತೆರಿಗೆ ಯಾಕೆ ಅಂತ ಇಟ್ಟಿದ್ದ ಮಾನವೀಯ ನಿಯಮ ಅದು. ಚೀನಾದ ಆ್ಯಪ್ ಕಂಪನಿಗಳು ಅದನ್ನೇ ಹೆದ್ದಾರಿ ಮಾಡಿಕೊಂಡವು. ಮಾರಿದ ಮಾಲಿಗೆಲ್ಲ ‘ಗಿಫ್ಟ್’ ಅಂತ ಚೀಟಿ ಅಂಟಿಸಿ ದಿನಕ್ಕೆ ಮೂಟೆ ಮೂಟೆ ಇಳಿಸಿದವು. ಇಡೀ ಭಾರತದ ಹೆಣ್ಣುಮಕ್ಕಳಿಗೆಲ್ಲ ಒಬ್ಬನೇ ಸೋದರಮಾವ!

ಅದೇ ಓಲೆಯನ್ನು ರಾಬರ್ಟ್‌ಸನ್‌ಪೇಟೆಯ ಫ್ಯಾನ್ಸಿ ಸ್ಟೋರಿನವನು ತರಿಸಿದರೆ? ಬೆಂಗಳೂರಿನ ಚಿಕ್ಕಪೇಟೆಗೆ ರೈಲು ಹತ್ತಿ ಹೋಗಬೇಕು. ಅಲ್ಲಿ ಕೊಳ್ಳುವ ಮಾಲಿಗೆ ಬಂದರಿನಲ್ಲೇ ಸುಂಕ ಬಿದ್ದಿರುತ್ತದೆ. ಮೇಲೆ ಓಲೆಗೆ ಶೇ. 3 ಜಿಎಸ್‌ಟಿ, ಕೈಚೀಲಕ್ಕೆ ಶೇ. 18. ಅಂಗಡಿ ಬಾಡಿಗೆ, ಅಡ್ವಾನ್ಸು, ನಗರಸಭೆ ಲೈಸೆನ್ಸು, ಕರೆಂಟು, ಹುಡುಗನ ಸಂಬಳ. ಇಷ್ಟೆಲ್ಲ ಹೊತ್ತುಕೊಂಡು ಅವನು ಓಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನಮ್ಮ ಹುಡುಗಿ ಬಂದು ನೋಡಿ, ಫೋನಲ್ಲಿ ಫೋಟೋ ತೆಗೆದು, ‘ಆನ್‌ಲೈನಲ್ಲಿ ಅರ್ಧ ರೇಟು ಅಂಕಲ್’ ಅಂತ ಹೇಳಿ ಹೋಗುತ್ತಾಳೆ. ಅವಳದ್ದು ತಪ್ಪಾ? ಅಲ್ಲ. ಯಾರಿಗಾದರೂ ಅರ್ಧ ರೇಟು ಬೇಡವಾ? ಆದರೆ ಆ ಅರ್ಧ ರೇಟು ಚೀನಾದವನ ಜಾಣತನದಿಂದ ಮಾತ್ರ ಬಂದದ್ದಲ್ಲ, ನಮ್ಮ ಸರ್ಕಾರ ಕಣ್ಣು ಮುಚ್ಚಿದ್ದರಿಂದ ಬಂದದ್ದು.

ಊರಿನ ಅಂಗಡಿಗಳ ನಾಡಿ ನನಗೆ ಸಿಗುವುದು ಬಿಲ್ ಬುಕ್ಕಿನಲ್ಲಿ. ಡಾಕ್ಟರು ಕೈ ಹಿಡಿದು ನೋಡಿದ ಹಾಗೆ ನಾನು ಆರ್ಡರ್ ಪುಸ್ತಕ ತೆಗೆದು ನೋಡುತ್ತೇನೆ. ಹಿಂದೆ ಯುಗಾದಿಗೆ ಮುಂಚೆ ಹತ್ತು ಬಿಲ್ ಬುಕ್ ಹಾಕಿಸುತ್ತಿದ್ದ ಬಟ್ಟೆ ಅಂಗಡಿ ಆಮೇಲೆ ನಾಲ್ಕಕ್ಕೆ ಇಳಿಯಿತು. ಈಗ ‘ಎರಡು ಹಾಕು ಸಾಕು, ಹೋದ ವರ್ಷದ್ದೇ ಉಳಿದಿದೆ’ ಅನ್ನುತ್ತಾರೆ. ಕಂಪ್ಯೂಟರ್ ಬಿಲ್ಲು ಬಂತು, ಅದೂ ಒಂದು ಕಾರಣ, ಸುಳ್ಳು ಹೇಳಲಾರೆ. ಆದರೆ ಕಂಪ್ಯೂಟರೇ ಇಲ್ಲದ ಚಪ್ಪಲಿ ಅಂಗಡಿ, ವಾಚ್ ಅಂಗಡಿ, ಆಟದ ಸಾಮಾನಿನ ಅಂಗಡಿಗಳದ್ದೂ ಇದೇ ಕಥೆ. ಕಳೆದ ಎರಡು ವರ್ಷದಲ್ಲಿ ನಾನು ಬಿಡದೆ ಹಾಕುತ್ತಿರುವ ಒಂದೇ ಪ್ರಿಂಟು ಯಾವುದು ಗೊತ್ತಾ? ‘ಅಂಗಡಿ ಬಾಡಿಗೆಗೆ ಇದೆ.’ ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ.

ಹುಡುಗರಿಗೆ ಒಂದು ಮಾತು ಹೇಳಬೇಕು. 2001ರ ಫೆಬ್ರವರಿ 28ಕ್ಕೆ ನಮ್ಮ ಚಿನ್ನದ ಗಣಿ ಮುಚ್ಚಿತು. ನಿಮ್ಮಲ್ಲಿ ಬಹಳ ಜನ ಆಗ ಹುಟ್ಟಿರಲಿಲ್ಲ. ನಾನು ಪಿಯುಸಿ ಮುಗಿಸಿ ಕೆಲಸ ಹುಡುಕುತ್ತಿದ್ದೆ. ನಮ್ಮಪ್ಪ ಗಣಿಯಲ್ಲಿ ಇಳಿದು ದುಡಿದವರು. ಒಂದು ಊರಿಗೆ ಊರೇ ಸಂಬಳ ಇಲ್ಲದೆ ಕೂತಿತು. ಆ ತಿಂಗಳುಗಳಲ್ಲಿ ಅಕ್ಕಿ ಬೇಳೆ ಎಲ್ಲಿಂದ ಬಂತು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ದಿನಸಿ ಅಂಗಡಿಯವರು ಸಾಲದ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಕೊಟ್ಟರು. ತಿಂಗಳಾಯಿತು, ಆರು ತಿಂಗಳಾಯಿತು, ಕೆಲವರದ್ದು ವರ್ಷವೇ ಆಯಿತು. ಕೊಟ್ಟವರಲ್ಲಿ ತಮಿಳರಿದ್ದರು, ಕನ್ನಡದವರಿದ್ದರು, ಮಾರ್ವಾಡಿಗಳಿದ್ದರು, ಮುಸಲ್ಮಾನರಿದ್ದರು. ನಮ್ಮಮ್ಮನ ಬಳೆ ಅಡವಿಟ್ಟು ಒಂದು ಹಳೇ ಟ್ರೆಡಲ್ ಮೆಷಿನ್ ತಂದಾಗ ನನಗೆ ಮೊದಲ ಆರ್ಡರ್ ಕೊಟ್ಟವನೂ ಒಬ್ಬ ದಿನಸಿ ಅಂಗಡಿಯವನೇ. ಸಂಬಳ ನಿಂತ ಮನೆಗೆ ಯಾವ ಆ್ಯಪ್ ಆರು ತಿಂಗಳು ಸಾಲ ಕೊಡುತ್ತದೆ, ಒಂದು ಹೆಸರು ಹೇಳಿ!

ಸರ್ಕಾರಕ್ಕೆ ಎಚ್ಚರ ಆದದ್ದು 2019ರ ಡಿಸೆಂಬರಿನಲ್ಲಿ. ಗಿಫ್ಟ್ ಹೆಸರಿನಲ್ಲಿ ಅಂಚೆ, ಕೊರಿಯರ್ ಮೂಲಕ ಮಾಲು ತರಿಸುವುದು ಬಂದ್ ಅಂತ ಆದೇಶ ಹೊರಟಿತು. ಜೀವ ಉಳಿಸುವ ಔಷಧಿ ಮತ್ತು ರಾಖಿ, ಎರಡಕ್ಕೆ ಮಾತ್ರ ವಿನಾಯಿತಿ. ರಾಖಿ ಜೊತೆ ಇನ್ನೊಂದು ಉಡುಗೊರೆ ಇಟ್ಟರೆ ಅದಕ್ಕೆ ಇಲ್ಲ. 2020ರ ಜೂನ್ 29ಕ್ಕೆ 59 ಚೀನೀ ಆ್ಯಪ್‌ಗಳೇ ನಿಷೇಧ ಆದವು. ಗಡಿಯಲ್ಲಿ ಸೈನಿಕರ ಜೀವ ಹೋದ ಮೇಲೆ ಬಂದ ನಿಷೇಧ ಅದು. ಅಂಗಡಿಯವರ ಗೋಳಿಗೆ ಬಂದದ್ದಲ್ಲ, ನೆನಪಿರಲಿ. ಅದರಲ್ಲಿದ್ದ ಒಂದು ಹೆಸರು 2025ರಲ್ಲಿ ನಮ್ಮದೇ ದೇಶದ ದೊಡ್ಡ ಧಣಿಯ ಕೈ ಹಿಡಿದು ವಾಪಸ್ ಬಂದದ್ದೂ ನೆನಪಿರಲಿ.

ಬಾಗಿಲು ಹಾಕಿದರು, ಸರಿ. ಕಿಟಕಿ? ಈಗ ಮಾಲು ಒಂದೊಂದೇ ಲಕೋಟೆಯಲ್ಲಿ ಬರುವುದಿಲ್ಲ. ಕಂಟೇನರಿನಲ್ಲಿ ಬಂದು, ಇಲ್ಲಿನ ಒಂದು ಗೋಡೌನು ಸೇರಿ, ಇಲ್ಲಿನ ಒಂದು ಹೆಸರಿನಲ್ಲಿ ಆ್ಯಪ್‌ನಲ್ಲಿ ಮಾರಾಟ ಆಗುತ್ತದೆ. ಸುಂಕ ಹಾಕುವುದು ಬೆಲೆಯ ಮೇಲೆ ತಾನೇ? ಬಂದರಿನಲ್ಲಿ ನೂರು ರೂಪಾಯಿಯ ಮಾಲನ್ನು ಇಪ್ಪತ್ತು ಅಂತ ತೋರಿಸಿದರೆ ಸುಂಕವೂ ಇಪ್ಪತ್ತರ ಮೇಲೆ. ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅನ್ನುವವರು 2022ರ ಬಜೆಟ್ ತೆಗೆದು ನೋಡಲಿ. ಇಮಿಟೇಶನ್ ಆಭರಣದ ಮೇಲೆ ಕಿಲೋಗೆ ಕನಿಷ್ಠ 400 ರೂಪಾಯಿ ಸುಂಕ ಅಂತ ಹಾಕಿದರು. ಕಾರಣ ಏನು ಕೊಟ್ಟರು? ಬೆಲೆ ಕಡಿಮೆ ತೋರಿಸಿ ತರಿಸುವುದನ್ನು ತಡೆಯಲು! ಅಂದರೆ ಅಕ್ಕನ ಮಗಳ ಓಲೆಯ ಕಥೆ ದೆಹಲಿಗೆ ಗೊತ್ತಿತ್ತು. ಓಲೆಗೆ ಕಂಡ ಕಳ್ಳತನ ಇಯರ್‌ಫೋನಿಗೆ, ಚಪ್ಪಲಿಗೆ, ಬ್ಯಾಗಿಗೆ ಕಾಣುವುದಿಲ್ಲವಾ?

ಸುಂಕ ಹಾಕಿದರೆ ಕೆಲಸ ಆಗುತ್ತದಾ ಅಂತ ಕೇಳುವ ಅರ್ಥಶಾಸ್ತ್ರದ ಪಂಡಿತರಿಗೆ ಚನ್ನಪಟ್ಟಣ ತೋರಿಸುತ್ತೇನೆ. ಆಟದ ಸಾಮಾನಿನ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. 2021ರಿಂದ ಐಎಸ್‌ಐ ಗುರುತು ಕಡ್ಡಾಯ ಮಾಡಿದರು. ಹೊರಗಿನ ಮಾಲು ಕಡಿಮೆಯಾಯಿತು. ಆ ಗುರುತಿನ ಖರ್ಚು ಚನ್ನಪಟ್ಟಣದ ಅರಗಿನ ಬಣ್ಣದವರ ಕುತ್ತಿಗೆಗೇ ಬರುತ್ತಿತ್ತು. ಆದರೆ ನೋಂದಾಯಿತ ಕುಶಲಕರ್ಮಿಗಳಿಗೂ, ಭೌಗೋಳಿಕ ಗುರುತು ಪಡೆದ ಮಾಲಿಗೂ ಅದರಿಂದ ವಿನಾಯಿತಿ ಕೊಟ್ಟರು. ಮನಸ್ಸು ಮಾಡಿದರೆ ದೊಡ್ಡವನಿಗೆ ಒಂದು ಅಳತೆ, ಸಣ್ಣವನಿಗೆ ಒಂದು ಅಳತೆ ಇಡಲು ಇವರಿಗೆ ಬರುತ್ತದೆ. ಬರುವುದಿಲ್ಲ ಅಂತಲ್ಲ.

ಇನ್ನು ನನ್ನ ಸ್ವಂತ ಹೊಟ್ಟೆಪಾಡಿನ ಮಾತಿಗೆ ಬರುತ್ತೇನೆ. ಇದರಲ್ಲಿ ನನ್ನ ಸ್ವಾರ್ಥ ಇದೆ, ಮೊದಲೇ ಒಪ್ಪಿಕೊಂಡೆ. ದೀಪಾವಳಿ, ಪೊಂಗಲ್ ಬಂತೆಂದರೆ ಹ್ಯಾಂಡ್‌ಬಿಲ್ ಹಾಕಿ ಹಾಕಿ ಮೆಷಿನ್ ಬಿಸಿಯಾಗುತ್ತಿತ್ತು. ಬೆಳಿಗ್ಗೆ ಪೇಪರ್ ಹುಡುಗರು ಅದನ್ನು ಪೇಪರಿನೊಳಗಿಟ್ಟು ಉರಿಗಾಂನಿಂದ ಮಾರಿಕುಪ್ಪಂವರೆಗೆ ಹಂಚುತ್ತಿದ್ದರು. ಆ ದುಡ್ಡು ನನಗೆ, ಕಂಪೋಸ್ ಮಾಡುವ ಹುಡುಗಿಗೆ, ಕಟಿಂಗ್ ಮಾಡುವವನಿಗೆ, ಪೇಪರ್ ಹುಡುಗನಿಗೆ ಹಂಚಿಕೆಯಾಗಿ ಸಂಜೆಗೆ ಇದೇ ಊರಿನ ಅಂಗಡಿಯಲ್ಲಿ ಖರ್ಚಾಗುತ್ತಿತ್ತು. ಈಗ ಸೀರೆ ಅಂಗಡಿಯ ಮಗ ಕೂತಲ್ಲೇ ಫೋನಿನಲ್ಲಿ ಜಾಹೀರಾತು ಹಾಕುತ್ತಾನೆ. ಹಾಕಲಿ, ಕಾಲ ಬದಲಾಯಿತು. ಟ್ರೆಡಲ್ ಹೋಗಿ ಆಫ್‌ಸೆಟ್ ಬಂದಾಗ ನಾನೂ ಬದಲಾದೆ. ಆದರೆ ಆ ಜಾಹೀರಾತಿನ ದುಡ್ಡು ಸಮುದ್ರ ದಾಟುವಾಗ ಕಟ್ಟಿದ ತೆರಿಗೆ ಏನು?

2016ರ ಜೂನ್ 1ರಿಂದ ಅದಕ್ಕೊಂದು ಲೆವಿ ಇತ್ತು, ಶೇ. 6. ನಮ್ಮಲ್ಲಿ ಕಚೇರಿ ಇಲ್ಲದ ವಿದೇಶಿ ಕಂಪನಿಗೆ ಇಲ್ಲಿನ ವ್ಯಾಪಾರಿಯೊಬ್ಬ ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಆನ್‌ಲೈನ್ ಜಾಹೀರಾತಿನ ದುಡ್ಡು ಕೊಟ್ಟರೆ ಅದರಲ್ಲಿ ಹಿಡಿದು ಕಟ್ಟಬೇಕು. ಜನ ಇದನ್ನು ‘ಗೂಗಲ್ ಟ್ಯಾಕ್ಸ್’ ಅಂದರು. 2020ರ ಏಪ್ರಿಲ್‌ನಿಂದ ವಿದೇಶಿ ಇ-ಕಾಮರ್ಸ್ ವ್ಯಾಪಾರದ ಮೇಲೂ ಶೇ. 2 ಬಂತು. ಇಲ್ಲಿ ದುಡಿದು ಇಲ್ಲಿ ಆದಾಯ ತೆರಿಗೆ ಕಟ್ಟದವರಿಂದ ಸ್ವಲ್ಪವಾದರೂ ಬರಲಿ ಅಂತ ಇದ್ದದ್ದು. ಏನಾಯಿತು? ಅಮೆರಿಕ ಗುಡುಗಿತು. ತನಿಖೆ ನಡೆಸಿತು, ನಮ್ಮ ಮಾಲಿನ ಮೇಲೆ ಸುಂಕ ಹಾಕುತ್ತೇನೆ ಅಂತ ಪಟ್ಟಿ ತೆಗೆಯಿತು. 2024ರ ಆಗಸ್ಟ್ 1ಕ್ಕೆ ಶೇ. 2 ಹೋಯಿತು. 2025ರ ಏಪ್ರಿಲ್ 1ಕ್ಕೆ ಶೇ. 6 ಕೂಡ ಹೋಯಿತು. ಟ್ರಂಪ್ ಸಾಹೇಬರು ತಮ್ಮ ಸುಂಕದ ಪಟ್ಟಿ ಓದುವ ಮೊದಲೇ ನಾವು ಎದ್ದು ನಿಂತು ಪಂಚೆ ಇಳಿಸಿದೆವು!

ಬ್ರಿಟಿಷರ ಜಾನ್ ಟೇಲರ್ ಕಂಪನಿ ಈ ಊರಿನ ಹೊಟ್ಟೆ ಬಗೆದು ಚಿನ್ನ ಒಯ್ಯಿತು. ಅವರನ್ನು ಬೈಯುವುದು ನಮಗೆ ಅಭ್ಯಾಸ. ಆ ಬಿಳಿಯರ ಕಂಪನಿಯೂ ಮೈಸೂರು ಸರ್ಕಾರಕ್ಕೆ ರಾಯಧನ ಕಟ್ಟುತ್ತಿತ್ತು ಸ್ವಾಮಿ.

ಇತ್ತ ಅದೇ ಅಮೆರಿಕ ತನ್ನ ಮನೆಯಲ್ಲಿ ಏನು ಮಾಡಿತು? 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಸುಂಕ ಇಲ್ಲ ಅಂತ ಇದ್ದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಕಿತ್ತು ಹಾಕಿತು. ಯಾರು ಎಲ್ಲಿ ಸುಂಕ ಕಟ್ಟಬೇಕು ಅಂತ ಗೊತ್ತಾಗದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಹೆಚ್ಚಿನ ಪಾರ್ಸೆಲ್ ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಅಮೆರಿಕದ ಅಂಗಡಿಯವನನ್ನು ಉಳಿಸಿಕೊಳ್ಳಲು ಅಮೆರಿಕ ಅಷ್ಟು ಮಾಡುತ್ತದೆ. ಯೂರೋಪಿನವರು 22 ಯೂರೋ ಒಳಗಿನ ಮಾಲಿಗೆ ಇದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ಕ್ಕೆ ತೆಗೆದರು. ಆಸ್ಟ್ರೇಲಿಯಾ ಇನ್ನೂ ಜಾಣ. 2018ರ ಜುಲೈ 1ರಿಂದ 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ವಿದೇಶಿ ಮಾಲಿಗೂ ಶೇ. 10 ಜಿಎಸ್‌ಟಿ ಅಂದಿತು. ಯಾರು ವಸೂಲಿ ಮಾಡಬೇಕು? ಕಸ್ಟಮ್ಸ್ ಗುಮಾಸ್ತ ಲಕೋಟೆ ಹರಿದು ನೋಡುತ್ತಾ ಕೂರಬೇಕಿಲ್ಲ. ಮಾರುವ ಆ್ಯಪ್ಪೇ ದುಡ್ಡು ತಗೊಳ್ಳುವಾಗ ಹಿಡಿದು ಆಸ್ಟ್ರೇಲಿಯಾ ಸರ್ಕಾರಕ್ಕೆ ಕಟ್ಟಬೇಕು.

ಇದು ನಮ್ಮಲ್ಲಿ ಆಗಲ್ಲ ಅನ್ನುತ್ತೀರಾ? ಆಗುತ್ತಿದೆ! ಎಲ್ಲಿ? ನಮ್ಮ ಬೆಂಗಳೂರಿನಲ್ಲೇ! ವಿದೇಶದಿಂದ ಆನ್‌ಲೈನಿನಲ್ಲಿ ಹಾಡು, ಸಿನಿಮಾ, ಆಟ, ಸಾಫ್ಟ್‌ವೇರ್ ಮಾರುವ ಕಂಪನಿಗಳು ಭಾರತದ ಗ್ರಾಹಕನಿಂದ ಶೇ. 18 ಐಜಿಎಸ್‌ಟಿ ಹಿಡಿದು ಕಟ್ಟಬೇಕು ಅಂತ 2017ರ ಜುಲೈ 1ರಿಂದಲೇ ಕಾನೂನು ಇದೆ. ಈ ದೇಶದಲ್ಲಿ ಒಂದು ಕುರ್ಚಿ ಕೂಡ ಇಲ್ಲದ ಆ ಕಂಪನಿಗಳನ್ನು ನೋಂದಾಯಿಸಿಕೊಳ್ಳಲು ಇಡೀ ಭಾರತಕ್ಕೆ ನೇಮಿಸಿದ ಕಚೇರಿ ಬೆಂಗಳೂರು ಪಶ್ಚಿಮದ ಕೇಂದ್ರ ತೆರಿಗೆ ಪ್ರಧಾನ ಆಯುಕ್ತರದ್ದು. ಸಿನಿಮಾ ಮಾರುವವನ ಹತ್ತಿರ ವಸೂಲಿ ಮಾಡುವ ಕೈಗೆ ಓಲೆ ಮಾರುವವನ ಹತ್ತಿರ ವಸೂಲಿ ಮಾಡಲು ಬರುವುದಿಲ್ಲವಾ? ನಾಳೆ ಇನ್ನೊಂದು ಆ್ಯಪ್ ಇನ್ನೊಂದು ‘ಗಿಫ್ಟ್’ ದಾರಿ ಹುಡುಕುವ ಮೊದಲು ಆ ಕಾನೂನನ್ನು ಮಾಲಿಗೂ ಹಚ್ಚಿ.

ಇವರ ಕೈಗೆ ಶಕ್ತಿ ಇಲ್ಲ ಅಂತಲ್ಲ. ಶಕ್ತಿ ಯಾರ ಮೇಲೆ ತೋರಿಸುತ್ತಾರೆ ಅನ್ನುವುದು 2025ರ ಜುಲೈನಲ್ಲಿ ಗೊತ್ತಾಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷದ ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿ ವಹಿವಾಟು ಮಾಡಿದ್ದೀರಿ, 29 ಲಕ್ಷ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಮಾಲು ಮಾರುವವನಿಗೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಅನ್ನುವುದು ಕಾನೂನು, ನಿಜ. ಅದನ್ನು ತಳ್ಳುಗಾಡಿಯವನಿಗೆ ಅವನ ಭಾಷೆಯಲ್ಲಿ ಕೂತು ಹೇಳಿದವರು ಯಾರು? ಜಿಎಸ್‌ಟಿ ಜಾಲತಾಣ ತೆರೆದರೆ ಇಂಗ್ಲಿಷ್. ಅರ್ಜಿ ಇಂಗ್ಲಿಷ್. ಆಡಿಟರ್ ಫೀಸು ಮಾತ್ರ ಯಾವ ಭಾಷೆಯಲ್ಲಾದರೂ ಅಷ್ಟೇ.

ಆ ವಾರ ನನ್ನ ಪ್ರೆಸ್ಸಿಗೆ ಬಂದ ಆರ್ಡರ್ ಕೇಳಿ. ಕೊರೋನಾ ಹೊತ್ತಿನಲ್ಲಿ ಕ್ಯೂಆರ್ ಕೋಡ್ ಕಾರ್ಡು ಹಾಕಿಸಿಕೊಂಡು ಹೋಗಿದ್ದವರೇ ಮತ್ತೆ ಬಂದರು. ‘ಅಣ್ಣಾ, ಯುಪಿಐ ಇಲ್ಲ, ಕ್ಯಾಶ್ ಮಾತ್ರ ಅಂತ ಒಂದು ಬೋರ್ಡು ಹಾಕ್ಕೊಡಿ.’ ಬಂಗಾರಪೇಟೆಯಿಂದ ಒಬ್ಬ ಪಾನಿಪುರಿ ಗಾಡಿಯವನು ಬಂದಿದ್ದ. ಅವನ ಕೈ ನಡುಗುತ್ತಿತ್ತು. ‘ನಂಗೂ ನೋಟಿಸ್ ಬರತ್ತಾ ಅಣ್ಣಾ?’ ಅಂತ ನನ್ನನ್ನು ಕೇಳಿದ, ನಾನೇನೋ ತೆರಿಗೆ ಆಫೀಸರ್ ಅನ್ನುವ ಹಾಗೆ. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟ ಮೇಲೆ ಜುಲೈ 23ರಂದು ಮುಖ್ಯಮಂತ್ರಿಗಳು ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿ ಅಂದರು. ಒಳ್ಳೆಯದೇ. ಆದರೆ ಆ ನಡುಕ? ಪಾನಿಪುರಿಯ ಹತ್ತು ರೂಪಾಯಿ ಕೂಡ ಕಾಣುವ ಕಣ್ಣಿಗೆ ಕಂಟೇನರಿನಲ್ಲಿ ಬರುವ ಓಲೆಯ ನಿಜವಾದ ಬೆಲೆ ಕಾಣುವುದಿಲ್ಲ ಅಂದರೆ ನಂಬಲು ನಾವೇನು ಕಿವಿ ಮೇಲೆ ಹೂವಿಟ್ಟುಕೊಂಡಿದ್ದೀವಾ?

ಬೋರ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯ ಆಯಿತು. ನಮ್ಮ ಹೋರಾಟದ ಫಲ. ರಾಬರ್ಟ್‌ಸನ್‌ಪೇಟೆಯ ತಮಿಳು ಮಾತಾಡುವ ಅಂಗಡಿಯವರು ಖರ್ಚು ಮಾಡಿ ಬೋರ್ಡು ಬದಲಾಯಿಸಿದರು. ಹಲವು ನಾನೇ ಮಾಡಿಕೊಟ್ಟೆ. ಆದರೆ ಆ್ಯಪ್‌ನ ಬೋರ್ಡು ಯಾವುದು? ಅದು ಫೋನಿನ ಪರದೆ. ಅಲ್ಲಿ ಶೇ. 60 ಎಲ್ಲಿ ಹೋಯಿತು? ಪೊಟ್ಟಣದ ಮೇಲಿನ ಬೆಲೆ, ತೂಕ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು ಅಂತ 2011ರ ಕೇಂದ್ರದ ಪೊಟ್ಟಣ ನಿಯಮವೇ ಹೇಳುತ್ತದೆ. ಕನ್ನಡ ಬೇಕಾದರೆ ಜೊತೆಗೆ ಹಾಕಿಕೊಳ್ಳಿ ಅಷ್ಟೇ, ಕಡ್ಡಾಯ ಏನಿಲ್ಲ. ಬೀದಿಯ ಅಂಗಡಿಗೆ ಕನ್ನಡವೂ ಕಡ್ಡಾಯ, ತೆರಿಗೆಯೂ ಕಡ್ಡಾಯ. ಗಾಳಿಯಲ್ಲಿರುವ ಅಂಗಡಿಗೆ ಎರಡರಲ್ಲೂ ರಿಯಾಯಿತಿ. ನಾವು ಬೀದಿಯಲ್ಲಿ ಕೂಗಿ ಗೆದ್ದದ್ದನ್ನು ಪರದೆಯಲ್ಲಿ ಸೋಲುತ್ತಿದ್ದೇವೆ.

ಹಾಗಂತ ನಮ್ಮ ಅಂಗಡಿಯವರೆಲ್ಲ ಸಾಚಾ ಅಂತ ಸರ್ಟಿಫಿಕೇಟು ಕೊಡಲು ನಾನು ಕೂತಿಲ್ಲ. ‘ಬಿಲ್ ಬೇಕಂದ್ರೆ ಟ್ಯಾಕ್ಸ್ ಆಗತ್ತೆ’ ಅನ್ನುವವರು ಇದ್ದಾರೆ. ಕೊಂಡ ಬಟ್ಟೆ ವಾಪಸ್ ತಂದರೆ ಮುಖ ತಿರುಗಿಸುವವರು ಇದ್ದಾರೆ. ಆ್ಯಪ್‌ನವನು ಮಾತಾಡದೆ ವಾಪಸ್ ತಗೊಳ್ಳುತ್ತಾನೆ. ಒಂದೇ ನಂಬರಿನ ಎರಡು ಬಿಲ್ ಬುಕ್ ಹಾಕಿಕೊಡು ಅಂತ ನನ್ನನ್ನೇ ಕೇಳಿದವರಿದ್ದಾರೆ. ಪ್ರೆಸ್ ಶುರು ಮಾಡಿದ ಹೊಸದರಲ್ಲಿ, ದುಡ್ಡಿಗೆ ಕಷ್ಟ ಇದ್ದಾಗ, ಒಂದು ಸಲ ಹಾಕಿಯೂ ಕೊಟ್ಟೆ. ಆಮೇಲೆ ಇಲ್ಲ. ಎರಡನೇ ಬಿಲ್ ಬುಕ್ ಇಟ್ಟವನಿಗೆ ಚೀನಾದ ಗಿಫ್ಟ್ ಚೀಟಿಯನ್ನು ಬೈಯುವ ಬಾಯಿ ಇರುವುದಿಲ್ಲ. ಇದನ್ನು ಮಾರ್ಕೆಟ್ಟಿನಲ್ಲಿ ನಿಂತು ಹೇಳಿ ಬೈಸಿಕೊಂಡಿದ್ದೇನೆ.

ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ತಮ್ಮಂದಿರೇ, ತಂಗಿಯರೇ, ನೀವು ರಾತ್ರಿ ಒಂಬತ್ತಕ್ಕೆ ಊರಿಗೆ ಇಳಿಯುತ್ತೀರಿ. ಅಂಗಡಿ ಮುಚ್ಚಿರುತ್ತದೆ. ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಕೊಳ್ಳುತ್ತೀರಿ. ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ನಾನೂ ಇಂಕು, ರೋಲರು ಆನ್‌ಲೈನಲ್ಲಿ ತರಿಸಿದ್ದೇನೆ. ನಾನು ಕೇಳುವುದು ಒಂದೇ. ತಕ್ಕಡಿ ಒಂದೇ ಇರಲಿ. ನಮ್ಮೂರಿನವನು ಕಟ್ಟುವ ತೆರಿಗೆಯನ್ನು ಶೆನ್ಜೆನ್‌ನವನೂ ಕಟ್ಟಲಿ, ಕ್ಯಾಲಿಫೋರ್ನಿಯಾದವನೂ ಕಟ್ಟಲಿ. ಆಮೇಲೆ ಯಾರ ಓಲೆ ಚೆನ್ನಾಗಿದೆಯೋ ಅದನ್ನು ಕೊಳ್ಳಿ. ಸೋತರೆ ಸೋಲುತ್ತೇವೆ.

ಮುಂದಿನ ಭಾನುವಾರ ಎಂ.ಜಿ. ಮಾರ್ಕೆಟ್ ಹತ್ತಿರ ಮನವಿ ಪತ್ರಕ್ಕೆ ಸಹಿ ಹಾಕಿಸುತ್ತಿದ್ದೇವೆ. ಒಂದು ಪ್ರತಿ ನಮ್ಮ ಸಂಸದರಿಗೆ, ಒಂದು ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಕೂರುವ ಸಚಿವರಿಗೆ. ವಿದೇಶಿ ಜಾಹೀರಾತಿನ ಮೇಲಿನ ಲೆವಿ ಮತ್ತೆ ಬರಲಿ. ವಿದೇಶಿ ಮಾಲಿನ ತೆರಿಗೆಯನ್ನು ಮಾರುವ ಆ್ಯಪ್ಪೇ ಹಿಡಿದು ಕಟ್ಟಲಿ. ಸಣ್ಣ ಅಂಗಡಿಯವನಿಗೆ ನೋಟಿಸ್ ಕಳಿಸುವ ಮೊದಲು ಕನ್ನಡದಲ್ಲಿ ತಿಳಿಸಿ ಹೇಳುವ ಒಬ್ಬ ಮನುಷ್ಯನನ್ನು ಕಳಿಸಲಿ. ಇಷ್ಟೇ ಅದರಲ್ಲಿರುವುದು. ಕನ್ನಡದಲ್ಲಿದೆ, ಕೆಳಗೆ ಎಲ್ಲರಿಗೂ ಅರ್ಥ ಆಗಲಿ ಅಂತ ತಮಿಳು, ಉರ್ದುವಿನಲ್ಲೂ ಸಣ್ಣದಾಗಿ ಹಾಕಿದ್ದೇನೆ. ಅಕ್ಕನ ಮಗಳೇ ಕಂಪೋಸ್ ಮಾಡಿದ್ದು. ಪ್ರಿಂಟಿಂಗ್ ಚಾರ್ಜು ಬಿಟ್ಟಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ಕಾಗದದ ಜಿಎಸ್‌ಟಿ ಶೇ. 12ರಿಂದ 18 ಆಗಿದೆ, ಅದನ್ನೂ ಕಟ್ಟಿದ್ದೇನೆ. ಬಿಲ್ ಇದೆ, ಬೇಕಾದವರು ಪ್ರೆಸ್ಸಿಗೆ ಬಂದು ನೋಡಬಹುದು.